ಉತ್ತರ ಹಿಡಿಯಲು ಎಡಗಡೆ ಒಂದು ಹೆಸರು

ನಾನು ಯಾರನ್ನು ಏನು ಕೇಳಿದರೂ ಉತ್ತರ ಹೊರಡುತ್ತದೆ, ಆದರೆ ನನ್ನ ತನಕ ಬಂದು ಮುಟ್ಟುವುದಿಲ್ಲ. ನಡುವೆ ಎಲ್ಲೋ ಬಿದ್ದುಹೋಗುತ್ತದೆ. ಒಮ್ಮೆ ಆದರೆ ಆಕಸ್ಮಿಕ ಅನ್ನಬಹುದು. ನನ್ನ ಜೀವಮಾನವಿಡೀ ಇದೇ ಆಗಿದೆ. ನಮ್ಮವ್ವ ಇದನ್ನು ಹಣೆಬರಹ ಅನ್ನುತ್ತಿದ್ದಳು. ಹಣೆಬರಹ ಅಲ್ಲ ಬೇ, ವ್ಯವಸ್ಥೆ, ಎಂದು ನಾನು ಒದರುತ್ತಿದ್ದೆ.

ಒದರುವುದು ನನ್ನ ಕಸುಬು. ತೊಂಬತ್ತರ ದಶಕವನ್ನೆಲ್ಲ ಹಳೇ ಹುಬ್ಬಳ್ಳಿಯ ಒಂದು ಮೈಕ್ ಸೆಟ್ ಅಂಗಡಿಯಲ್ಲಿ ಕಳೆದವನು ನಾನು. ಲಗ್ನಕ್ಕೆ, ಉರುಸಿಗೆ, ಗಣಪತಿಗೆ, ಚುನಾವಣೆಗೆ ಹಾರ್ನ್ ಕಟ್ಟುತ್ತಿದ್ದೆ. ಸುಟ್ಟ ಆಂಪ್ಲಿಫೈಯರ್ ಬಿಚ್ಚಿ ಬೆಸುಗೆ ಹಾಕುತ್ತಿದ್ದೆ. ಮೈಕ್ ಸರಿ ಇದೆಯೋ ಇಲ್ಲವೋ ನೋಡಲು 'ಹಲೋ, ಚೆಕ್' ಅನ್ನುವ ಬದಲು ಓಣಿಯ ಕಷ್ಟ ಹೇಳತೊಡಗಿದೆ. ಜನ ಚಪ್ಪಾಳೆ ತಟ್ಟಿದರು. ಹಾಗೆ ಹೋರಾಟಗಾರನಾದೆ.

ಕಂಪ್ಯೂಟರನ್ನೂ ಹಾಗೇ ಕಲಿತೆ, ಬಿಚ್ಚಿ ಬಿಚ್ಚಿ. ಯಾವುದೋ ಆಫೀಸು ಗುಜರಿಗೆ ಹಾಕಿದ ಯಂತ್ರಗಳನ್ನು ತಂದು ಜೋಡಿಸಿದೆ. ಒಂದು ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ.ಯಲ್ಲಿ ಪೈಥಾನ್ ಎಂಬ ಭಾಷೆ ಸಿಕ್ಕಿತು. ಆ ಕಾಲಕ್ಕೆ ಊರಲ್ಲಿ ಗಾಜಿನ ಬಾಗಿಲಿನ ಕಂಪ್ಯೂಟರ್ ಕ್ಲಾಸುಗಳು ಎದ್ದಿದ್ದವು. ಟೈ ಕಟ್ಟಿದವನೊಬ್ಬ ಇಂಗ್ಲಿಷ್ ಪುಸ್ತಕ ಓದಿ ಹೇಳುತ್ತಿದ್ದ, ನಮ್ಮ ಮಂದಿ ತಿಳಿದವರಂತೆ ತಲೆ ಆಡಿಸಿ, ಏನೂ ತಿಳಿಯದೆ ಮನೆಗೆ ಬರುತ್ತಿದ್ದರು. ನನಗೆ ಮೈ ಉರಿಯಿತು. ಹಿಟ್ಟಿನ ಗಿರಣಿಯ ಮೇಲಿನ ಕೋಣೆ ಹಿಡಿದು 'ಇಲ್ಲಿ ಕಂಪ್ಯೂಟರ್ ಕನ್ನಡದಾಗ ಕಲಿಸಲಾಗುವುದು' ಎಂದು ಬೋರ್ಡ್ ಹಾಕಿದೆ. ನಗುವಂಥದ್ದೆಲ್ಲ ಸುರುವಾದದ್ದು ಆ ಕೋಣೆಯಿಂದಲೇ.

ಗಿರಣಿಯವನ ಸಿಟ್ಟು

ಮೆಥಡ್ ಅಂದರೆ ಏನು ಎಂದು ಹೇಳಬೇಕಿತ್ತು. ಪುಸ್ತಕದಲ್ಲಿ ಅದಕ್ಕೆ ಒಂದು ಪುಟ ಇಂಗ್ಲಿಷ್ ಇತ್ತು. ನಾನು ಹೇಳಿದೆ: "ಕೆಳಗ ಗಿರಣಿ ಐತಲ್ಲ, ಅದು ಆಬ್ಜೆಕ್ಟ್. ಅದಕ್ಕ ಬೀಸೂ ಕೆಲಸ ಗೊತ್ತೈತಿ, ಅದು ಮೆಥಡ್. ನೀ ಜ್ವಾಳ ಕೊಡ್ತಿ. ಅದು ಬೀಸಿ ಹಿಟ್ಟು ನಿನ್ನ ಡಬ್ಬಿಗೆ ತಿರುಗಿ ಕೊಡತೈತಿ. ಹಂಗ ತಿರುಗಿ ಕೊಡೂದಕ್ಕ ರಿಟರ್ನ್ ಅಂತಾರ."

ಎಲ್ಲರಿಗೂ ತಿಳಿಯಿತು. ಅರಿವೆ-ಬಟ್ಟೆ ಅಂಗಡಿಯ ಗುಮಾಸ್ತನೊಬ್ಬ ಕ್ಲಾಸಿಗೆ ಬರುತ್ತಿದ್ದ. ಅವನು ಕೇಳಿದ: "ಸರ್, ರಿಟರ್ನ್ ಅಂತ ಬರೀಲಿಲ್ಲಂದ್ರ?"

"ಬರೀಲಿಲ್ಲಂದ್ರ ಗಿರಣಿ ತಿರಗತೈತಿ, ಸಪ್ಪಳ ಮಾಡತೈತಿ, ಜ್ವಾಳ ನುಂಗತೈತಿ. ನಿನ್ನ ಡಬ್ಬಿಗೆ ಏನೂ ಬೀಳೂದಿಲ್ಲ! ಅಂಥಾ ಗಿರಣಿ ಕಟಗೊಂಡು ಏನ್ ಮಾಡ್ತಿ? ಅದು ಗಿರಣಿ ಅಲ್ಲ, ಮೋಸ!"

ನಾನು ಮೈಕ್ ಇಲ್ಲದೆ ಮಾತಾಡಿದರೂ ಮೈಕ್ ಇದ್ದ ಹಾಗೇ ಇರುತ್ತದೆ. ಕೆಳಗೆ ಗಿರಣಿ ಗಕ್ಕನೆ ನಿಂತಿತು. ಮೈತುಂಬ ಹಿಟ್ಟು ಬಳಿದುಕೊಂಡ ಗಿರಣಿಯವನು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತ.

"ಯಾರ ಹಿಟ್ಟು ಕೊಟ್ಟಿಲ್ಲ ನಾ? ಹೆಸರ ಹೇಳ್ರಿ!"

"ಕಾಕಾ, ನಿಮಗಲ್ಲರಿ, ಇದು ಪಾಠ."

"ನಮ್ಮಪ್ಪನ ಕಾಲದಿಂದ ಗಿರಣಿ ನಡಸಾಕತ್ತೇವಿ. ಹಿಂದಿನವರ ಗೋಧಿ ಹಿಡಿಯಷ್ಟು ನಿಮ್ಮ ಜ್ವಾಳದಾಗ ಬಂದಿರಬೇಕು, ಇಲ್ಲ ಅನ್ನೂದಿಲ್ಲ. ಮೋಸ ಅಂದ್ರ ಸುಮ್ಮನಿರಾಂವಲ್ಲ!"

ಅವನನ್ನು ಕೂರಿಸಿ, ಚಹಾ ತರಿಸಿ, ಪಾಠವನ್ನು ಮೊದಲಿಂದ ಹೇಳಬೇಕಾಯಿತು. ಗಮನವಿಟ್ಟು ಕೇಳಿದ. ಕೊನೆಗೆ ಎದ್ದು ನಿಂತು ಹೇಳಿದ: "ತಿಳೀತು. ಆದ್ರ ನಾಳೆಯಿಂದ ಪಾಠಕ್ಕ ಎಣ್ಣಿ ಗಾಣ ತಗೋರಿ. ಗಾಣದಾಂವ ದೂರ ಅದಾನ."

ಗುರುವಾರ, ಏನೂ ಇಲ್ಲ

ಧಾರವಾಡದ ಮಾಳಮಡ್ಡಿಯಿಂದ ಒಬ್ಬ ಶಿಕ್ಷಕಿ ಬಂದರು. ಮಿಷನ್ ಸಾಲಿಯಲ್ಲಿ ಗಣಿತ ಕಲಿಸುತ್ತಿದ್ದರು. ಸಾಲಿಗೆ ಕಂಪ್ಯೂಟರ್ ಬಂದಿದ್ದವು, ಕಲಿಸುವವರು ಬಂದಿರಲಿಲ್ಲ. ಆದ್ದರಿಂದ ಪ್ರತಿ ಶನಿವಾರ ಅರ್ಧ ದಿನದ ಸಾಲಿ ಮುಗಿಸಿ ಬಸ್ಸು ಹಿಡಿದು ನನ್ನ ಗಿರಣಿಯ ಮೇಲಕ್ಕೆ ಬರುತ್ತಿದ್ದರು. ಕ್ಲಾಸಿನವರೆಲ್ಲ ಅವರನ್ನು ಅಕ್ಕೋರು ಅನ್ನುತ್ತಿದ್ದರು. ನಮ್ಮ ಕಡೆ ಸಾಲಿಯ ಹೆಣ್ಣುಮಕ್ಕಳಿಗೆ ಹಾಗೇ ಅನ್ನುವುದು. ನಾನೂ ಹಾಗೇ ಅಂದೆ. ಇವತ್ತಿಗೂ ಮನಸ್ಸಿನಲ್ಲಿ ಬೇರೆ ಹೆಸರು ಬರುವುದಿಲ್ಲ.

ಆಗ ನಾನು ನೀರಿನ ಪ್ರೋಗ್ರಾಮ್ ಬರೆಯುತ್ತಿದ್ದೆ. ಹುಬ್ಬಳ್ಳಿಯ ನೀರಿನ ಕತೆ ಹುಬ್ಬಳ್ಳಿಯವರಿಗೆ ಹೇಳಬೇಕಿಲ್ಲ. ವಾರ ದಾಟಿದ ಮೇಲೆ ಒಮ್ಮೆ ನಳ ಗೊರಗೊರ ಅನ್ನುತ್ತದೆ. ಯಾವ ದಿನ, ಯಾವ ಹೊತ್ತು ಎಂದು ಹೇಳುವವರಿಲ್ಲ. ಹೆಂಗಸರು ಲಗ್ನಕ್ಕೆ ಹೋದರೂ ಅರ್ಧ ಜೀವ ನಳದ ಹತ್ತಿರ ಬಿಟ್ಟು ಹೋಗುತ್ತಿದ್ದರು. ನಾನು ಒಂದೊಂದು ಓಣಿಯನ್ನೂ ಒಂದೊಂದು ಆಬ್ಜೆಕ್ಟ್ ಮಾಡಿದೆ. ಹಿಂದೆ ಯಾವತ್ತು ನೀರು ಬಂತು ಎಂಬುದು ಓಣಿಯ ಒಳಗೇ ನೆನಪಿರಬೇಕು. 'ನೀರು ಯಾವಾಗ' ಎಂದು ಕೇಳಿದರೆ ಓಣಿಯೇ ಲೆಕ್ಕ ಹಾಕಿ ಹೇಳಬೇಕು.

ಓಣಿಯ ಹಿರಿಯರನ್ನೆಲ್ಲ ಕರೆದೆ. ಎಲ್ಲರೂ ಚಿಗವ್ವ ಎಂದು ಕರೆಯುವ ಮುದುಕಿಯೂ ಬಂದಳು. ಮೂಲೆಯ ದೊಡ್ಡ ನಳದ ಸರದಿಯನ್ನು ಬಾಯಿಂದಲೇ ಆಳುವವಳು ಅವಳು. ನಾನು ಭಾಷಣ ಮಾಡಿ ಗುಂಡಿ ಒತ್ತಿದೆ. ಪರದೆಯ ಮೇಲೆ 'ಗುರುವಾರ' ಎಂದು ಬಂತು. ಅದರ ಕೆಳಗೆ, ನಾನು ಬರೆಯದೇ ಇದ್ದರೂ, 'ಏನೂ ಇಲ್ಲ' ಎಂಬರ್ಥದ ಒಂದು ಇಂಗ್ಲಿಷ್ ಪದ ಬಂತು. ಗುಮಾಸ್ತ ಚಿಗವ್ವನಿಗೆ ಕನ್ನಡದಲ್ಲಿ ಓದಿ ಹೇಳಿದ: "ಗುರುವಾರ, ಏನೂ ಇಲ್ಲ."

ಚಿಗವ್ವ ಹಣೆ ಮುಟ್ಟಿಕೊಂಡಳು. "ಇದು ಖರೇ ಹೇಳತೈತಿ ನೋಡಪಾ. ನೀರಿನ ಆಫೀಸಿನವರೂ ಗುರುವಾರ ಅಂತಾರ, ಗುರುವಾರ ಏನೂ ಇರೂದಿಲ್ಲ. ಛಲೋ ಮಷೀನ ತಂದಿ."

ಎಲ್ಲರೂ ನಕ್ಕು ಹೋದರು. ನಾನು ಯಂತ್ರವನ್ನು ಬೈಯುತ್ತ ಕೂತೆ. ಹಿಂದಿನ ಬೆಂಚಿನಿಂದ ಅಕ್ಕೋರು ಎದ್ದು ಬಂದು ಪರದೆ ನೋಡಿದರು.

"ನೀವು ರಿಟರ್ನ್ ಬರದಿಲ್ಲರಿ, ಪ್ರಿಂಟ್ ಬರದೀರಿ."

"ಎರಡೂ ಒಂದ. ಉತ್ತರ ಕಾಣತೈತಲ್ರಿ!"

"ಒಂದಲ್ಲ. ಪ್ರಿಂಟ್ ಅಂದ್ರ ಮಾಳಗಿ ಮ್ಯಾಲೆ ನಿಂತು ಒದರೂದು. ರಿಟರ್ನ್ ಅಂದ್ರ ಕೇಳಿದವರ ಕೈಯಾಗ ಕೊಡೂದು. ನಿಮ್ಮ ಓಣಿ ಗುರುವಾರ ಅಂತ ಊರಿಗೆಲ್ಲಾ ಒದರಿತು. ಕೇಳಿದವರ ಕೈಯಾಗ ಏನೂ ಇಡಲಿಲ್ಲ. ಅದಕ್ಕ ಮಷೀನು ಏನೂ ಇಲ್ಲ ಅಂತು."

ನಾನು ಸಿಟ್ಟಿನಿಂದಲೇ ತಿದ್ದಿದೆ. ಒಳಗಿನದು ಹೊರಗಿನದು ಎನ್ನದೆ ಇದ್ದ ಪ್ರಿಂಟನ್ನೆಲ್ಲ ಅಳಿಸಿ ರಿಟರ್ನ್ ಎಂದು ಬರೆದೆ, ಒತ್ತಿದೆ. ಈಗ ಪರದೆಯ ಮೇಲೆ ಏನೇನೂ ಬರಲಿಲ್ಲ.

"ಈಗ ಎಲ್ಲಿ ಹೋತ್ರಿ?"

"ಬಂತು, ಹೋತು. ನೀವು ಹಿಡಕೊಳ್ಳಲಿಲ್ಲ. ನಳ ಬಿಟ್ರ ಸಾಕೇನ್ರಿ, ಕೆಳಗ ಕೊಡ ಇಡಬೇಕಲ್ಲ. ಎಡಗಡೆ ಒಂದು ಹೆಸರು ಬರೀರಿ. ಬಂದದ್ದು ಅದರಾಗ ಬೀಳತೈತಿ."

ಯಾವ ಹೆಸರು ಎಂದು ನಾನು ಕೇಳಲಿಲ್ಲ. ಕೈ ತಾನೇ ಬರೆಯಿತು: akkoru. ಅದರ ಮುಂದೆ ಸಮ ಚಿಹ್ನೆ, ಅದರ ಮುಂದೆ ನನ್ನ ಓಣಿ. ಗುರುವಾರ ಸುರಕ್ಷಿತವಾಗಿ ಬಂದು ಅಕ್ಕೋರ ಹೆಸರಿನಲ್ಲಿ ಕೂತಿತು. ಅವರು ಓದಿದರು. ಕಿವಿ ಕೆಂಪಾದವು.

ಮುಂದಿನ ಶನಿವಾರ ಅದೇ ಓಣಿ 'ಸೋಮವಾರ' ಅಂದಿತು. ತಪ್ಪು ಸಿಕ್ಕಿತೆಂದು ಅಕ್ಕೋರು ಖುಷಿಯಾದರು. ಈ ಸಲ ನಾನು ಹೇಳಿದೆ: "ತಪ್ಪಲ್ಲರಿ. ನಡುವ ನೀರು ಬಂದು ಹೋಗೇತಿ. ಪ್ರಶ್ನೇನೂ ಅದೇ, ಓಣೀನೂ ಅದೇ, ಒಳಗಿಂದು ಬದಲಾಗೇತಿ. ಲಗೂ ಕೇಳಿದವರಿಗೆ ಒಂದು ಉತ್ತರ, ತಡಾ ಮಾಡಿದವರಿಗೆ ಇನ್ನೊಂದು."

ಆ ವಾಕ್ಯವನ್ನು ನಾನು ಬಹಳ ಜಂಬದಿಂದ ಹೇಳಿದೆ.

ಬಸ್ಸಿನೊಳಗಿನ ಪ್ರಶ್ನೆ

ಪ್ರೋಗ್ರಾಮ್ ನೀರಿನ ಲೆಕ್ಕ ಹೇಳಬೇಕಾದರೆ ಯಾವ ಓಣಿಗೆ ಯಾವಾಗ ಬಿಡುತ್ತೇವೆ ಎಂದು ಆಫೀಸಿನವರು ಹೇಳಬೇಕು. ಕೇಳಲು ಹೋದೆ. ಹುಬ್ಬಳ್ಳಿಯ ಸಾಹೇಬರು "ಅದು ಧಾರವಾಡದಾಗ ಗೊತ್ತಿರತೈತಿ" ಅಂದರು. ಧಾರವಾಡಕ್ಕೆ ಹೋದೆ. ಅಲ್ಲಿಯ ಸಾಹೇಬರು "ಹುಬ್ಬಳ್ಳ್ಯಾಗ ಕೇಳ್ರಿ" ಅಂದರು. ಎರಡು ಊರು ಜೋಡಿ ಮಾಡಿ ಒಂದು ಮಾಡಿದವರು ಯಾರೋ, ಅವರ ಉದ್ದೇಶ ಇದೇ ಇರಬೇಕು. ಇಲ್ಲಿಂದ ಅಲ್ಲಿಗೆ ಓಡಾಡುವುದರಲ್ಲೇ ಜನರ ಸಿಟ್ಟು ಸವೆದುಹೋಗಬೇಕು.

ನಾನು ಇದನ್ನೇ ಪ್ರೋಗ್ರಾಮ್ ಮಾಡಿ ಕ್ಲಾಸಿಗೆ ತೋರಿಸಿದೆ. ಹುಬ್ಬಳ್ಳಿ ಎಂಬ ಮೆಥಡ್ ಧಾರವಾಡ ಎಂಬುದನ್ನು ಕೇಳುತ್ತದೆ, ಅದು ಬಂದ ಉತ್ತರವನ್ನು ರಿಟರ್ನ್ ಮಾಡಬೇಕು. ಧಾರವಾಡವೋ ಹುಬ್ಬಳ್ಳಿಯನ್ನೇ ಕೇಳುತ್ತದೆ. ಯಂತ್ರ ಸ್ವಲ್ಪ ಹೊತ್ತು ಓಡಾಡಿ, ಇನ್ನು ನನ್ನಿಂದಾಗದು ಎಂದು ಪರದೆ ತುಂಬ ಬೈಗುಳ ಕಾರಿ ನಿಂತುಬಿಟ್ಟಿತು. "ನೋಡ್ರಿ!" ಎಂದು ಒದರಿದೆ. "ಗುಜರಿ ಮಷೀನಿಗೆ ಸಿಟ್ಟು ಬಂತು. ನಿಮಗ್ಯಾವಾಗ ಬರತೈತಿ?"

ಆ ಸಂಜೆ ಧಾರವಾಡದ ಸಾಹೇಬರನ್ನು ಮನೆಯಲ್ಲೇ ಹಿಡಿಯಲು ಮತ್ತೆ ಹೊರಟೆ. ಅಕ್ಕೋರೂ ಮನೆಗೆ ಹೊರಟಿದ್ದರು. ಒಂದೇ ಬಸ್ಸು. ಅವರು ಹೆಂಗಸರ ಸೀಟಿನಲ್ಲಿ, ನಾನು ಪಕ್ಕದಲ್ಲಿ ಕಂಬ ಹಿಡಿದು ನಿಂತಿದ್ದೆ. ವಿದ್ಯಾನಗರ ದಾಟಿತು. ಅಕ್ಕೋರು ಕಿಟಕಿಯ ಹೊರಗೆ ನೋಡುತ್ತ ಕೇಳಿದರು: "ನಿಮಗ ಖರೇ ಏನು ಬೇಕ್ರಿ? ನೀರೋ, ಜಗಳೋ?"

ನನ್ನ ಬಾಯಿಂದ ಬಂದದ್ದು ನನಗೇ ಗೊತ್ತಿರಲಿಲ್ಲ. "ನೀವು ಬೇಕು. ಲಗ್ನ ಮಾಡಿಕೋತೀರೇನ್ರಿ?"

ಮೆಲ್ಲಗೇ ಕೇಳಿದೆ. ನನ್ನ ಮೆಲ್ಲಗೆ ಅಂದರೆ ಡ್ರೈವರ್ ಕನ್ನಡಿಯಲ್ಲಿ ಹಿಂದೆ ನೋಡಿದ. ಮಾತಾಡುತ್ತಿದ್ದ ಬಸ್ಸು ಮಾತು ನಿಲ್ಲಿಸಿತು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಬಿಟ್ಟು, ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿ ನಿಂತ. ಗರಗಕ್ಕೆ ಹೋಗುವ ಒಬ್ಬ ಅಜ್ಜ, ಮಡಿಲಲ್ಲಿ ಖಾದಿ ನೂಲಿನ ಗಂಟು ಇಟ್ಟುಕೊಂಡವನು, "ಹೇಳವಾ, ಹುಡುಗ ಕೇಳಾಕತ್ತಾನ" ಅಂದ.

ಅಕ್ಕೋರು ನನ್ನನ್ನು ಮಾತ್ರ ನೋಡಿ ಹೇಳಿದರು: "ವಿಚಾರ ಮಾಡಿ ಹೇಳ್ತೇನಿ. ನಾನ ಹೇಳ್ತೇನಿ. ಎರಡನೇ ಸಲ ನೀವು ಕೇಳಬ್ಯಾಡ್ರಿ. ಹಿಂದ ಬಿದ್ದು ಕೇಳಿಸ್ಕೊಂಡ ಉತ್ತರ ನನ್ನ ಉತ್ತರ ಆಗೂದಿಲ್ಲ."

"ಕೇಳೂದಿಲ್ಲರಿ," ಅಂದೆ.

ಬಸ್ಸು ನಿಟ್ಟುಸಿರು ಬಿಟ್ಟಿತು. ಆಗ ಹಿಂದಿನಿಂದ ಒಬ್ಬ ಕೂಗಿದ: "ಏ, ನಿಲ್ಲಸ್ರಿ! ನಾ ಉಣಕಲ್‌ದಾಗ ಇಳೀಬೇಕಿತ್ತು!" ಬಸ್ಸು ಆಗಲೇ ನವಲೂರಿನ ಹತ್ತಿರ ಇತ್ತು. ಕಂಡಕ್ಟರ್ ಕೇಳಿದ: "ಮತ್ತ ಯಾಕ ಇಳೀಲಿಲ್ಲ?"

"ಉತ್ತರ ಕೇಳಿ ಇಳಿದ್ರಾತು ಅಂತಿದ್ದೆ. ಇವರು ನೋಡಿದ್ರ ಮುಂದ ಹಾಕಿಬಿಟ್ರು!"

ಮೊದಲ ಸಾಲಿನಲ್ಲೇ

ಕ್ಲಾಸಿನಲ್ಲಿ ಎಲ್ಲರೂ ಮಾಡುತ್ತಿದ್ದ ತಪ್ಪು ಒಂದಿತ್ತು. ಮೆಥಡ್‌ನ ಮೊದಲ ಸಾಲಿನಲ್ಲೇ ರಿಟರ್ನ್ ಬರೆದು, ಅದರ ಕೆಳಗೆ ಪುಟಗಟ್ಟಲೆ ಬರೆಯುವುದು. ರಿಟರ್ನ್ ಆದ ಮೇಲೆ ಯಂತ್ರ ಮುಂದಿನ ಸಾಲು ನೋಡುವುದೇ ಇಲ್ಲ. ಉತ್ತರ ಕೊಟ್ಟಾಯಿತು, ಕೆಲಸ ಮುಗಿಯಿತು. ಇದನ್ನು ಹೇಳಿ ಹೇಳಿ ನನ್ನ ಗಂಟಲು ಕೆಟ್ಟಿತ್ತು.

ಅಕ್ಕೋರನ್ನು ಕೇಳಬಾರದು ಎಂದು ಮಾತು ಕೊಟ್ಟಿದ್ದೆ. ಅವರ ತಂದೆಯನ್ನು ಕೇಳಬಾರದು ಎಂದು ಯಾರೂ ಅಂದಿರಲಿಲ್ಲ. ಅವರು ನಿವೃತ್ತ ಹೆಡ್‌ಮಾಸ್ತರರು, ಚರ್ಚಿನ ಹಿರಿಯರು. ನಾನು ಚರ್ಚಿಗೂ ಹೋಗದ, ಗುಡಿಗೂ ಹೋಗದ ಮೈಕ್ ಸೆಟ್ಟಿನವನು. ದೊಡ್ಡ ಯುದ್ಧ ಆಗುತ್ತದೆ ಎಂದು ತಯಾರಾದೆ. ಜಾತಿ, ಧರ್ಮ, ಮನುಷ್ಯತ್ವ, ಸಂವಿಧಾನ ಎಲ್ಲ ಸೇರಿಸಿ ಭಾಷಣ ಕಟ್ಟಿದೆ. ಗಿರಣಿಯವನ ಮುಂದೆ ಅಭ್ಯಾಸವನ್ನೂ ಮಾಡಿದೆ. ಅವನು ಕಣ್ಣೊರೆಸಿಕೊಂಡ. ಹಿಟ್ಟು ಬಿದ್ದಿತ್ತು ಅಂದ.

ಮಾಳಮಡ್ಡಿಯ ಮನೆ. ಅಂಗಳದಲ್ಲಿ ಪೇರಲ ಗಿಡ. ಅಕ್ಕೋರು ಸಾಲಿಗೆ ಹೋಗಿದ್ದರು. ಮಾಸ್ತರರು ಆರಾಮ ಕುರ್ಚಿಯಲ್ಲಿದ್ದರು. ನಾನು ಹೆಸರು ಹೇಳುತ್ತಿದ್ದ ಹಾಗೆಯೇ ಅವರು ಅಂದರು: "ಬರ್ರಿ, ಕೂಡ್ರಿ. ಮಗಳು ಹೇಳ್ಯಾಳ. ನಂದೇನೂ ಅಡ್ಡಿ ಇಲ್ಲ. ಆಕೀ ಮನಸ್ಸಿಗೆ ಬಂದಂಗ ಆಗ್ಲಿ."

ಮೊದಲ ಸಾಲಿನಲ್ಲೇ ರಿಟರ್ನ್. ಮುಂದಿನದೆಲ್ಲ ವ್ಯರ್ಥ. ಇದನ್ನು ಊರಿಗೆಲ್ಲ ಕಲಿಸುವ ನಾನು ಆಗ ಎದ್ದು, ನಮಸ್ಕಾರ ಹೇಳಿ, ಪೇಡೆ ತರಲು ಓಡಬೇಕಿತ್ತು. ಆದರೆ ಕಟ್ಟಿದ ಭಾಷಣ ಹೊಟ್ಟೆಯಲ್ಲಿ ಉಳಿದರೆ ಹೋರಾಟಗಾರನಿಗೆ ನಿದ್ದೆ ಬರುವುದಿಲ್ಲ. "ಹಂಗಲ್ಲರಿ ಸರ್" ಎಂದು ಸುರು ಮಾಡಿದೆ. ಮನುಷ್ಯ ಹುಟ್ಟಿದಲ್ಲಿಂದ ಸಂವಿಧಾನದ ತನಕ ಬಂದೆ. ಅಡ್ಡಿಯೇ ಇಲ್ಲದ ಮನುಷ್ಯನ ಅಡ್ಡಿಗಳನ್ನು ಒಂದೊಂದಾಗಿ ಹಿಡಿದು ಜಗ್ಗಿ ಒಗೆದೆ. ಬೇಲಿಯ ಹೊರಗೆ ನಾಕು ಮಂದಿ ನಿಂತು ಕೇಳತೊಡಗಿದರು.

ಮುಗಿಸಿ ನೀರು ಕುಡಿದೆ. ಮಾಸ್ತರರು ಚಷ್ಮಾ ತೆಗೆದು ಒರೆಸಿಕೊಂಡರು.

"ಮೊದಲ ನನಗ ಏನೂ ಅಡ್ಡಿ ಇರಲಿಲ್ಲರಿ," ಅಂದರು. "ಇಷ್ಟೆಲ್ಲಾ ಕೇಳಿದ ಮ್ಯಾಲೆ ಸ್ವಲ್ಪ ಐತೇನೋ ಅನಸಾಕತ್ತೇತಿ."

ಕೊಡ ಬಾರಿಸಿದ ದಿನ

ಹಬ್ಬ ಹತ್ತಿರ ಬಂತು, ನಳ ಪೂರ್ತಿ ಒಣಗಿತು. ಓಣಿಯ ಹೆಂಗಸರನ್ನೆಲ್ಲ ಸೇರಿಸಿದೆ. ಖಾಲಿ ಕೊಡ ಹೊತ್ತು ನೀರಿನ ಆಫೀಸಿಗೆ ಮೆರವಣಿಗೆ. ಒಬ್ಬರೂ ಮನೆಯಲ್ಲಿ ಉಳಿಯಬಾರದು, ಉಳಿದವರು ದ್ರೋಹಿಗಳು ಎಂದು ಸಾರಿದೆ. ಚಿಗವ್ವ ಕೂಡ ಹಿತ್ತಾಳೆ ಕೊಡ ಹಿಡಿದು ಮುಂದೆ ನಿಂತಳು. ತಳ್ಳುಗಾಡಿಯ ಮೇಲೆ ನಾನು, ನನ್ನ ಬಲಗಿವಿಯ ಪಕ್ಕ ನಮ್ಮ ಅಂಗಡಿಯ ಅತಿ ದೊಡ್ಡ ಹಾರ್ನ್. ಆ ಹಾರ್ನನ್ನು ಅಲ್ಲಿ ಕಟ್ಟಿದವನು ಅಂಗಡಿಯ ಮಾಲೀಕ. ಇವತ್ತಿಗೂ ಅವನ ಮೇಲಿನ ಸಿಟ್ಟು ಇಳಿದಿಲ್ಲ.

ಆಫೀಸಿನ ಮುಂದೆ ನಾನು "ಬೇಕೇ ಬೇಕು" ಅಂದರೆ, ಹೆಂಗಸರು "ನೀರು ಬೇಕು" ಅನ್ನುತ್ತಿದ್ದರು. ಶನಿವಾರ. ಸಾಲಿ ಮುಗಿಸಿ ಅಕ್ಕೋರು ನೇರ ಅಲ್ಲಿಗೇ ಬಂದರು. ಗಾಡಿಯ ಹತ್ತಿರ ಬಂದು ನನ್ನ ತೋಳು ಮುಟ್ಟಿ ಏನೋ ಹೇಳಿದರು. ಹಾರ್ನಿನ ಅಬ್ಬರದಲ್ಲಿ ನನಗೆ ತುಟಿ ಅಲುಗಿದ್ದು ಮಾತ್ರ ಕಂಡಿತು. ಬಸ್ಸಿಗೆ ಹೊತ್ತಾಯಿತು, ಹೋಗುತ್ತೇನೆ ಎಂದು ಹೇಳಲು ಬಂದಿರಬೇಕು ಅಂದುಕೊಂಡೆ. ದೊಡ್ಡದಾಗಿ ತಲೆ ಆಡಿಸಿ, ನಕ್ಕು, ಮುಂದಿನ ಘೋಷಣೆ ಕೂಗಿದೆ.

ಆಗ ಆದದ್ದು ನೋಡಬೇಕು. ಹೆಂಗಸರೆಲ್ಲ ಕೊಡ ಬಾರಿಸತೊಡಗಿದರು. ಚಿಗವ್ವ ಹಿತ್ತಾಳೆ ಕೊಡದ ಮೇಲೆ ಬಳೆಗೈಯಿಂದ ತಾಳ ಹಾಕಿದಳು. ಯಾರೋ ಸೀಟಿ ಹೊಡೆದರು. ನನ್ನ ಘೋಷಣೆಗೆ ಅಂಥ ಬೆಂಬಲ ಹಿಂದೆಂದೂ ಸಿಕ್ಕಿರಲಿಲ್ಲ. ಹುಮ್ಮಸ್ಸು ಬಂದು ಇನ್ನೂ ಜೋರಾಗಿ ಒದರಿದೆ. ಕೊನೆಗೆ ಸಾಹೇಬರು ಬಾಲ್ಕನಿಗೆ ಬಂದು ಕೈ ಮುಗಿದರು: "ನೀರು ಆಗಲೇ ಬಿಟ್ಟೇವಿ, ಮನಿಗೆ ಹೋಗ್ರಿ."

ಗೆದ್ದೆವು! ಹಾಡುತ್ತ ಓಣಿಗೆ ಬಂದೆವು. ಓಣಿಯ ತುಂಬ ನೀರು. ನಿಜ ಹೇಳಿದ್ದರು, ಬಿಟ್ಟಿದ್ದರು. ಒಣಗಿದ ನಳಗಳನ್ನು ತೆರೆದೇ ಬಿಟ್ಟು ಬಂದಿದ್ದೆವು, ಕೊಡಗಳೆಲ್ಲ ಮೆರವಣಿಗೆಯಲ್ಲಿದ್ದವು, ಹಿಡಿಯಲು ಒಂದು ನರಪಿಳ್ಳೆಯೂ ಮನೆಯಲ್ಲಿರಲಿಲ್ಲ. ಎಲ್ಲ ನಳಗಳೂ ತಾಸುಗಟ್ಟಲೆ ಸುರಿದು, ನಾವು ಬರುವ ಹೊತ್ತಿಗೆ ಕೊನೆಯ ಹನಿ ಹಾಕಿ ನಿಂತಿದ್ದವು.

ಚಿಗವ್ವ ಖಾಲಿ ಕೊಡವನ್ನು ಕೆಳಗಿಟ್ಟು ನನ್ನನ್ನು ನೋಡಿದಳು. "ಏನೋ ಲೀಡರಾ, ಹೋರಾಟ ಮಾಡಿ ಗಟಾರಕ್ಕ ನೀರು ಕೊಡಿಸಿದೆಲ್ಲೋ."

ತಕರಾರು

ಆಮೇಲೆ ಪರೀಕ್ಷೆಗಳು ಬಂದವು. ಅಕ್ಕೋರು ಬರುವುದು ಕಡಿಮೆಯಾಯಿತು. ಬಂದಾಗ ನನ್ನ ಮುಖ ನೋಡುತ್ತಿದ್ದರು. ನಾನು ಅವರ ಮುಖ ನೋಡುತ್ತಿದ್ದೆ. ಒಂದೇ ಪರದೆಯ ಮುಂದೆ ಕೂತು ಸಿಗದ ತಪ್ಪನ್ನು ಹುಡುಕುವ ಇಬ್ಬರ ಹಾಗೆ. ಎರಡನೇ ಸಲ ಕೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆನಲ್ಲ, ಹಲ್ಲು ಕಚ್ಚಿಕೊಂಡು ಕೂತೆ. ಜೀವಮಾನದಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದು ಅಷ್ಟೇ ದಿನ. ಆಮೇಲೆ ಅವರು ಬರುವುದು ನಿಂತಿತು. ಶನಿವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಚಪ್ಪಲಿ ಸಪ್ಪಳವಾದರೆ ನಾನು ಪಾಠ ನಿಲ್ಲಿಸುತ್ತಿದ್ದೆ. ಯಾವಾಗಲೂ ಗಿರಣಿಯವನೇ ಇರುತ್ತಿದ್ದ.

ಮಳೆಗಾಲ ಮುಗಿದ ಮೇಲೆ ಒಂದು ದಿನ ಚಿಗವ್ವ ಗಿರಣಿಗೆ ಡಬ್ಬಿ ತಂದವಳು ಕೆಳಗಿನಿಂದಲೇ ಕೂಗಿದಳು: "ಏನಪಾ, ಲಗ್ನ ಯಾವಾಗ? ನಾ ಸತ್ತ ಮ್ಯಾಲೆ ಏನು?"

"ಯಾರ ಲಗ್ನ ಚಿಗವ್ವಾ?"

"ನಿಂದೋ ಮಬ್ಬ! ಆಫೀಸಿನ ಮುಂದ ಆ ಅಕ್ಕೋರು 'ನನಗ ಒಪ್ಪಿಗಿ ಐತಿ' ಅಂತ ನಿನಗ ಹೇಳಲಿಲ್ಲೇನು? ಗಾಡಿ ಬಾಜೂಕ ನಿಂತ ನಮಗೆಲ್ಲಾ ಕೇಳಿಸಿತು, ಅದಕ್ಕ ಕೊಡಾ ಬಾರಿಸಲಿಲ್ಲೇನು?"

ಬಸ್ಸಿಗೆ ಕಾಯುವ ಸಹನೆ ಇರಲಿಲ್ಲ. ಗಿರಣಿಯವನ ಲೂನಾ ಮೇಲೆ ಧಾರವಾಡ ಮುಟ್ಟಿದೆ. ಅಕ್ಕೋರು ಪೇರಲ ಗಿಡದ ಕೆಳಗೆ ನಿಂತಿದ್ದರು. ನಾನು ಲೂನಾ ಗೇಟಿಗೆ ಒರಗಿಸಿ ಒಳಗೆ ಹೋದೆ. ಅವರೇ ಹೇಳಿದರು.

"ನಾ ಕೊಟ್ಟಿದ್ನಿರಿ. ನಿಮ್ಮ ಕೈಯಾಗ ಕೊಟ್ಟಿದ್ನಿ."

"ನನಗ ಕೇಳಿಸಲಿಲ್ಲರಿ. ಆ ಹಾರ್ನು..."

"ತಲಿ ಆಡಿಸಿದ್ರಿ. ನಕ್ಕಿದ್ರಿ. ಆಮ್ಯಾಲೆ ತಿಂಗಳುಗಟ್ಟಲೆ ಒಂದು ಮಾತಿಲ್ಲ. ಊರೊಳಗ ನಳ ಕೆಟ್ರೂ ಮೈಕ್ ಹಿಡಿಯೋ ಮನುಷ್ಯಾ ಇದಕ್ಕ ಸುಮ್ಮ ಅದಾನಂದ್ರ, ಬ್ಯಾಡಾಗೇತಿ ಅಂತ ತಿಳಕೊಂಡೆ."

"ಈಗ ಕೇಳ್ತೇನಿ. ಮಾತು ಮುರದು ಕೇಳ್ತೇನಿ."

ಅಕ್ಕೋರು ಅಡ್ಡಡ್ಡ ತಲೆ ಆಡಿಸಿದರು. "ಪ್ರಶ್ನೇನೂ ಅದೇ, ಮನುಷ್ಯಾಳೂ ಆಕೀನ. ಒಳಗಿಂದು ಬದಲಾಗೇತ್ರಿ. ನೀವ ಕಲಿಸಿದ್ದು." ಬೆಟಗೇರಿಯ ಒಬ್ಬ ಮಾಸ್ತರರ ಜೊತೆ ಅವರ ಲಗ್ನ ಗೊತ್ತಾಗಿತ್ತು. ಛಲೋ ಮನುಷ್ಯ, ಮೆಲ್ಲಗೆ ಮಾತಾಡುತ್ತಾರೆ ಅಂದರು.

ಗೇಟಿನ ತನಕ ಅವರ ತಂದೆ ಬಂದರು. "ಮುಂದಿನ ರವಿವಾರದಿಂದ ಚರ್ಚಿನ್ಯಾಗ ಹೆಸರು ಓದತಾರ. ಈ ಲಗ್ನಕ್ಕ ಯಾರದರ ತಕರಾರು ಇದ್ರ ಎದ್ದು ಹೇಳ್ರಿ ಅಂತ ಪಾದ್ರಿಯವರು ಕೇಳತಾರ." ನನ್ನ ಕೈ ಹಿಡಿದುಕೊಂಡರು. "ನಿಮಗ ಕೈ ಮುಗೀತೇನಿ. ನೀವು ಬರಬ್ಯಾಡ್ರಿ."

ಕರೆಯದ ಕಡೆಗೆಲ್ಲ ನುಗ್ಗಿ ತಕರಾರು ಮಾಡಿದವನು ನಾನು. ಜೀವನದಲ್ಲಿ ಒಮ್ಮೆ, ತಕರಾರು ಇದ್ದರೆ ಹೇಳಿ ಎಂದು ತಾವಾಗಿಯೇ ಕೇಳುವ ಜಾಗ ಸಿಕ್ಕಿತ್ತು. ನಾನು ಹೋಗಲಿಲ್ಲ. ಆ ರವಿವಾರಗಳಂದು ಮೈಕ್ ಅಂಗಡಿಯಲ್ಲಿ ಆ ಹಾರ್ನ್ ಬಿಚ್ಚಿ ಒರೆಸುತ್ತ ಕೂತೆ. ಅದು ಹೊಳೆಯತೊಡಗಿದಾಗ ಮಾಲೀಕ ಹೆದರಿ, "ಸಾಕೋ ಮಾರಾಯಾ, ತಗಡು ಸವೀತೈತಿ" ಅಂದ.

ಫೋನು

ಕ್ಲಾಸು ನಿಲ್ಲಿಸಲಿಲ್ಲ. ವರ್ಷ ಉರುಳಿದವು, ಗುಜರಿ ಯಂತ್ರ ಹೋಗಿ ಬೇರೆ ಯಂತ್ರ ಬಂದವು. ರಿಟರ್ನ್ ಪಾಠ ಬಂದಾಗ ನಾನು ಅದೇ ಮಾತು ಹೇಳುತ್ತೇನೆ: ನಳ ಬಿಟ್ಟರೆ ಸಾಲದು, ಕೊಡ ಇಡಬೇಕು, ಎಡಗಡೆ ಒಂದು ಹೆಸರು ಬರೀರಿ. ಬೋರ್ಡಿನ ಮೇಲೆ ಕೈ ತಾನೇ ಅದೇ ಹೆಸರು ಬರೆಯುತ್ತದೆ. ಯಾರೂ ಯಾಕೆ ಎಂದು ಕೇಳಿರಲಿಲ್ಲ. ನನಗೂ ಅದು ಕಾಣುತ್ತಿರಲಿಲ್ಲ.

ಒಂದು ದಿನ ಫೋನ್ ಬಂತು. ಧಾರವಾಡದ ಒಂದು ಸಣ್ಣ ಕಂಪನಿಯ ಮುಖ್ಯಸ್ಥರು. ನನ್ನ ಹತ್ತಿರ ಕಲಿತ ಕೆಲವರು ಅಲ್ಲಿ ಕೆಲಸಕ್ಕೆ ಸೇರಿದ್ದರು.

"ಸರ್, ನಿಮ್ಮ ಮಂದಿ ಕೆಲಸದಾಗ ಭಾಳ ಛಲೋ ಅದಾರ. ಒಂದ ಅನುಮಾನ. ಈ akkoru ಅಂದ್ರ ಏನ್ರಿ? ಪ್ರತಿ ಪ್ರೋಗ್ರಾಮಿನ್ಯಾಗ ಐತಿ. ಎಲ್ಲಾ ಮೆಥಡ್ ತಿರುಗಿ ಕೊಡೂದು ಅದಕ್ಕ. ಪೈಥಾನಿನ ಪುಸ್ತಕ ಎಲ್ಲಾ ಹುಡುಕಿದೆ, ಸಿಗವಲ್ದು. ಇವರನ್ನ ಕೇಳಿದ್ರ, ಉತ್ತರ ಹಿಡಿಯಾಕ ಅದನ್ನ ಬರೀಬೇಕು, ಅದು ಭಾಷೆಯ ನಿಯಮ, ನಮ್ಮ ಸರ್ ಹೇಳ್ಯಾರ ಅಂತಾರ."

ಕೆಳಗೆ ಗಿರಣಿ ತಿರುಗುತ್ತಿತ್ತು.

"ನಿಯಮ ಅಲ್ಲರಿ," ಅಂದೆ. "ಬ್ಯಾಡಾದ್ರ ತಗೀರಿ."

"ತಗದು ನೋಡಿದ್ವಿ ಸರ್. ಅದನ್ನ ತಗದ್ರ ಒಂದೂ ನಡಿಯೂದಿಲ್ಲ."

"ಗೊತ್ತೈತಿ," ಎಂದು ಫೋನ್ ಇಟ್ಟೆ.